ಸ್ಪ್ಯಾನಿಷ್ ವಾಕ್ಯದಲ್ಲಿ ಕರ್ತೃಸರ್ವನಾಮದ ಪ್ರಯೋಗ ಮತ್ತು ಲೋಪ

ಸ್ಪ್ಯಾನಿಷ್ ಭಾಷೆಯನ್ನು ಕಲಿಯತೊಡಗಿದ ವಿದ್ಯಾರ್ಥಿಗೆ ಮೊದಲ ಕೆಲವು ಪಾಠಗಳಲ್ಲಿಯೇ ಒಂದು ನಿಯಮವನ್ನು ಹೇಳಿಕೊಡುತ್ತಾರೆ. ಕರ್ತೃಸ್ಥಾನದಲ್ಲಿರುವ ಸರ್ವನಾಮವನ್ನು ಬಿಡಬಹುದು. ಏಕೆಂದರೆ ಕ್ರಿಯಾಪದದ ಪ್ರತ್ಯಯವೇ ಪುರುಷವನ್ನೂ ವಚನವನ್ನೂ ತಿಳಿಸುತ್ತದೆ. ಮಾತಿಗೆ ಒತ್ತು ಬೇಕಾದಲ್ಲಿ ಅಥವಾ ಅರ್ಥ ಸಂದಿಗ್ಧವಾಗುವಲ್ಲಿ ಮಾತ್ರ ಸರ್ವನಾಮವನ್ನು ಹೇಳಬೇಕು. ನಿಯಮ ಚಿಕ್ಕದು, ಬಾಯಿಪಾಠಕ್ಕೆ ಸುಲಭ, ಪರೀಕ್ಷೆಯಲ್ಲಿ ಬರೆಯಲು ಅನುಕೂಲ. ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕಗಳ ಮೂಲಕ ಸ್ಪ್ಯಾನಿಷನ್ನು ಸಮೀಪಿಸುವ ನಮ್ಮ ವಿದ್ಯಾರ್ಥಿಗಳು ಇದನ್ನು ಪ್ರಶ್ನಿಸದೆ ಒಪ್ಪುತ್ತಾರೆ. ಆದರೆ ಈ ನಿಯಮದಲ್ಲಿ ಹೇಳಿರುವ ಕಾರಣವು ನಿಜವಾದ ಕಾರಣವಲ್ಲವೆಂದೂ, ಅದರ ಎರಡು ಅಪವಾದಗಳು ವಿಷಯವನ್ನು ತಿಳಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಇಂಗ್ಲಿಷಿನ ಕಣ್ಣಿಗೆ ಸರ್ವನಾಮದ ಲೋಪವು ಒಂದು ವಿಚಿತ್ರ. ಕನ್ನಡಿಗನಿಗೆ ಅದು ದಿನದಿನದ ಮಾತು. ತನ್ನ ಮನೆಯಲ್ಲಿರುವುದನ್ನು ಪರರ ಕನ್ನಡಿಯಲ್ಲಿ ನೋಡಿ ಕಲಿಯಬೇಕಾದ ಅಗತ್ಯ ಅವನಿಗಿಲ್ಲ.

ಮೊದಲು ರೂಪಗಳನ್ನು ನೋಡೋಣ. ಉದಾಹರಣೆಗಳಲ್ಲಿ ಉಚ್ಚಾರಣೆಯನ್ನು ಅನುಸರಿಸಿ ಬರೆದಿದೆ; ಸಾಮಾನ್ಯವಾಗಿ ದೀರ್ಘವಿರುವಲ್ಲಿ ಸ್ವರಾಘಾತವಿದೆಯೆಂದು ತಿಳಿಯಬೇಕು. 'ಹಾಡು' ಎಂಬರ್ಥದ ಧಾತುವಿನ ವರ್ತಮಾನ ರೂಪಗಳು ಕಾಂತೊ, ಕಾಂತಸ್, ಕಾಂತ, ಕಂತಾಮೊಸ್, ಕಂತಾಯ್ಸ್, ಕಾಂತನ್ ಎಂದು ಆರು. ಆರಕ್ಕೂ ಬೇರೆ ಬೇರೆ ಪ್ರತ್ಯಯ. ಹಾಡುತ್ತೇನೆ, ಹಾಡುತ್ತೀಯೆ, ಹಾಡುತ್ತಾನೆ ಎನ್ನುವ ನಮಗೆ ಇದರಲ್ಲಿ ಹೊಸತೇನೂ ಇಲ್ಲ. 'ನಾನು' ಎಂಬರ್ಥದ 'ಯೋ', 'ನೀನು' ಎಂಬರ್ಥದ 'ತೂ', 'ಅವನು', 'ಅವಳು' ಎಂಬರ್ಥದ 'ಎಲ್', 'ಏಯ' ಇವುಗಳಿಲ್ಲದೆಯೇ ವಾಕ್ಯ ಪೂರ್ಣವಾಗುತ್ತದೆ. ಸಂಸ್ಕೃತ ವೈಯಾಕರಣರಿಗೂ ಈ ಸಂಗತಿ ತಿಳಿದಿತ್ತು. ಯುಷ್ಮದ್ ಶಬ್ದವು ವಾಕ್ಯದಲ್ಲಿ ಪ್ರಯುಕ್ತವಾಗಿರಲಿ, ಇಲ್ಲದಿರಲಿ, ಅದರ ಅರ್ಥವಿದ್ದಲ್ಲಿ ಮಧ್ಯಮಪುರುಷ ಬರುತ್ತದೆಂದು ಪಾಣಿನಿಯು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದಲ್ಲಿಯೇ ವಿಧಿಸಿದ್ದಾನೆ. ಹೇಳದ ಪದವನ್ನು ಓದುವವನು ತಂದುಕೊಳ್ಳುವುದಕ್ಕೆ ನಮ್ಮ ಶಾಲಾ ವ್ಯಾಕರಣಗಳಲ್ಲಿ ಅಧ್ಯಾಹಾರವೆಂಬ ಒಳ್ಳೆಯ ಹೆಸರೂ ಇದೆ.

ಪ್ರತ್ಯಯವಿದೆ, ಸರ್ವನಾಮ ಬಿದ್ದುಹೋಗುತ್ತದೆ ಎಂಬಿವೆರಡೂ ನಿಜ. ಮೊದಲನೆಯದು ಎರಡನೆಯದಕ್ಕೆ ಕಾರಣವೆನ್ನುವುದು ಬೇರೆ ಮಾತು. ಕಾರಣವೆನ್ನುವವರು ಕನ್ನಡದ ಒಂದು ಸಾಮಾನ್ಯ ಕ್ರಿಯಾರೂಪವನ್ನು ಪರಿಶೀಲಿಸಲಿ. 'ಬರಲಿಲ್ಲ' ಎಂಬುದರಲ್ಲಿ ಪುರುಷವೂ ಇಲ್ಲ, ಲಿಂಗವೂ ಇಲ್ಲ, ವಚನವೂ ಇಲ್ಲ. ನಾನು ಬರಲಿಲ್ಲ, ಅವರು ಬರಲಿಲ್ಲ, ಮಳೆ ಬರಲಿಲ್ಲ, ರೂಪ ಒಂದೇ. ಆದರೂ "ನಿನ್ನೆ ಏಕೆ ಬರಲಿಲ್ಲ?" ಎಂದು ಕೇಳುವಾಗ 'ನೀನು' ಎಂಬುದನ್ನು ನಾವು ಸೇರಿಸುವುದು ಅಪರೂಪ. ನಮ್ಮ ಸೋದರಭಾಷೆಯಾದ ಮಲಯಾಳದಲ್ಲಿ ಆಖ್ಯಾತಗಳು ಪುರುಷಪ್ರತ್ಯಯಗಳನ್ನೇ ಕಳೆದುಕೊಂಡಿವೆ. ಆದರೂ ಮಲಯಾಳಿಗಳು ಕರ್ತೃಪದವನ್ನು ನಿರಾತಂಕವಾಗಿ ಬಿಡುತ್ತಾರೆ. ಜಪಾನೀ, ಚೀನೀ ಭಾಷೆಗಳ ಕ್ರಿಯಾಪದಗಳಿಗೆ ಇಂಥ ಪ್ರತ್ಯಯಗಳೇ ಇಲ್ಲದಿದ್ದರೂ ಅಲ್ಲಿಯೂ ಲೋಪವುಂಟು. ಜರ್ಮನ್ ಭಾಷೆಗೆ ಸಾಕಷ್ಟು ಪ್ರತ್ಯಯಗಳಿದ್ದರೂ ಅದು ಸರ್ವನಾಮವನ್ನು ಬಿಡಗೊಡುವುದಿಲ್ಲ. ಆದಕಾರಣ ಪ್ರತ್ಯಯವು ಲೋಪಕ್ಕೆ ಅನುಕೂಲವೆನ್ನಬಹುದೇ ಹೊರತು ಅದೇ ಹೇತುವೆನ್ನಲಾಗದು.

ಸ್ಪ್ಯಾನಿಷಿನೊಳಗೇ ಈ ವಾದವನ್ನು ಒರೆಗೆ ಹಚ್ಚುವ ಅವಕಾಶವೊಂದಿದೆ. ಪೋರ್ಟೊರಿಕೊ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ ಮೊದಲಾದ ಕೆರಿಬಿಯನ್ ಪ್ರದೇಶಗಳ ಆಡುಮಾತಿನಲ್ಲಿ ಪದಾಂತ್ಯದ ಸಕಾರವು ಸಡಿಲವಾಗಿ, ಅನೇಕ ವೇಳೆ ಇಲ್ಲವೇ ಆಗುತ್ತದೆ. ಆಗ 'ಹಾಡುತ್ತೀಯೆ' ಎಂಬರ್ಥದ ಕಾಂತಸ್ ಎಂಬುದಕ್ಕೂ 'ಹಾಡುತ್ತಾನೆ' ಎಂಬರ್ಥದ ಕಾಂತ ಎಂಬುದಕ್ಕೂ ಭೇದವುಳಿಯುವುದಿಲ್ಲ. ಇದೇ ಪ್ರದೇಶಗಳಲ್ಲಿ ಸರ್ವನಾಮಗಳ ಬಳಕೆಯೂ ಹೆಚ್ಚು. ಪ್ರಶ್ನೆಗಳಲ್ಲಿ ಕೂಡ "ಕೇ ತೂ ಕ್ಯೇರೆಸ್?" ಎಂದು 'ತೂ' ಎಂಬುದನ್ನು ಕ್ರಿಯಾಪದದ ಮುಂದೆಯೇ ಇಟ್ಟು ಕೇಳುವುದು ಅಲ್ಲಿನ ವಾಡಿಕೆ. ಕಳೆದ ಪ್ರತ್ಯಯದ ನಷ್ಟವನ್ನು ಸರ್ವನಾಮವು ತುಂಬಿಕೊಡುತ್ತಿದೆಯೆಂಬ ಊಹೆಯು ಸಹಜವಾಗಿಯೇ ಹುಟ್ಟಿತು. 1986ರಲ್ಲಿ ಜೂಡಿತ್ ಹಾಕ್‌ಬರ್ಗ್ ಪೋರ್ಟೊರಿಕೊದವರ ಮಾತನ್ನು ಆಧರಿಸಿ ಈ ವಾದವನ್ನು ಮಂಡಿಸಿದರು. ಕೇಳಲು ಬಹಳ ತೃಪ್ತಿಕರವಾದ ವಾದ: ಭಾಷೆ ಒಂದು ಕೈಯಿಂದ ಕಳೆದುಕೊಂಡದ್ದನ್ನು ಇನ್ನೊಂದು ಕೈಯಿಂದ ಗಳಿಸಿಕೊಳ್ಳುತ್ತದೆ.

ಆದರೆ ದಕ್ಷಿಣ ಸ್ಪೇನಿನ ಆಂಡಲೂಸಿಯದಲ್ಲಿಯೂ ಪದಾಂತ್ಯದ ಸಕಾರ ಬಿದ್ದುಹೋಗಿದೆ. ಅಲ್ಲಿ ಸರ್ವನಾಮವು ನಷ್ಟ ತುಂಬಲು ಬರುವುದಿಲ್ಲವೆಂದೂ, ಸಂದರ್ಭವೇ ಅರ್ಥವನ್ನು ಕಾಯುತ್ತದೆಂದೂ 1991ರಲ್ಲಿ ಡಯಾನಾ ರಾನ್ಸನ್ ತೋರಿಸಿದರು. ರಿಚರ್ಡ್ ಕ್ಯಾಮರಾನ್ 1992ರ ತಮ್ಮ ಪ್ರಬಂಧದಲ್ಲಿ ಪೋರ್ಟೊರಿಕೊದ ಸಾನ್ ಹ್ವಾನ್ ನಗರವನ್ನೂ ಮ್ಯಾಡ್ರಿಡ್ ನಗರವನ್ನೂ ಹೋಲಿಸಿದರು. ಸರ್ವನಾಮವನ್ನು ಹೇಳಬಹುದಾದ ಅಥವಾ ಬಿಡಬಹುದಾದ ಕಡೆಗಳಲ್ಲಿ ಅದನ್ನು ಹೇಳಿದ ಪ್ರಮಾಣ ಸಾನ್ ಹ್ವಾನಿನಲ್ಲಿ ಸುಮಾರು ಶೇಕಡ 45, ಮ್ಯಾಡ್ರಿಡಿನಲ್ಲಿ ಸುಮಾರು ಶೇಕಡ 21. ಅಂತರ ಇಮ್ಮಡಿಗೂ ಮಿಗಿಲು. ಆದರೆ ಯಾವ ಸಂದರ್ಭದಲ್ಲಿ ಹೇಳುವುದು ಹೆಚ್ಚು, ಯಾವುದರಲ್ಲಿ ಕಡಮೆ ಎಂಬುದನ್ನು ನೋಡಿದರೆ, ಹಿಂದಿನ ವಾಕ್ಯದ ಕರ್ತೃವೇ ಮುಂದುವರಿದಾಗ ಎರಡು ನಗರಗಳಲ್ಲಿಯೂ ಸರ್ವನಾಮವು ಇಳಿಯುತ್ತದೆ. ಕರ್ತೃ ಬದಲಾದಾಗ ಎರಡರಲ್ಲಿಯೂ ಏರುತ್ತದೆ. ಎರಡು ಕೆರೆಗಳ ನೀರಿನ ಮಟ್ಟ ಬೇರೆಯಾಗಿದ್ದರೂ ನೀರು ಹರಿಯುವ ದಿಕ್ಕು ಒಂದೇ. ಪರಿಮಾಣವು ಪ್ರಾಂತ್ಯದ ರೂಢಿಗೆ ಸೇರಿದ್ದು, ವಿವೇಚನೆಯು ಭಾಷೆಗೆ ಸೇರಿದ್ದು ಎಂದು ನಾವು ಇದರಿಂದ ತಿಳಿಯಬಹುದು. ಈ ಶತಮಾನದ ಆರಂಭದ ವರ್ಷಗಳಲ್ಲಿ ರಿಕಾರ್ದೊ ಓತೆಗೀ ಮತ್ತು ಆನ ಸೇಲ್ಯ ಸೆಂತೇಯ ಅವರು ನ್ಯೂಯಾರ್ಕಿನ ಸ್ಪ್ಯಾನಿಷ್ ಭಾಷಿಕರನ್ನು ಅಭ್ಯಸಿಸಿ, ಹೊಸದಾಗಿ ಬಂದವರಿಗಿಂತ ಅಲ್ಲಿಯೇ ಬೆಳೆದವರಲ್ಲಿ ಸರ್ವನಾಮ ಹೆಚ್ಚೆಂದು ಕಂಡರು. ಅವರಲ್ಲಿ ಪ್ರತ್ಯಯವೇನೂ ಸವೆದಿರಲಿಲ್ಲ. ನೆರೆಯಲ್ಲಿ ಇಂಗ್ಲಿಷ್ ಇದ್ದಿತು.

ಇದಕ್ಕೂ ಸರಳವಾದ ಸಾಕ್ಷ್ಯವೊಂದುಂಟು. 'ನಂಬುತ್ತೇನೆ, ನನ್ನ ಅಭಿಪ್ರಾಯ' ಎಂಬರ್ಥದ 'ಕ್ರೇಒ' ಎಂಬ ರೂಪದಲ್ಲಿ ಸಂದಿಗ್ಧತೆಯ ಲೇಶವೂ ಇಲ್ಲ; ಅದು ಉತ್ತಮಪುರುಷ ಏಕವಚನವಲ್ಲದೆ ಬೇರೇನೂ ಆಗಲಾರದು. ಆದರೂ ಸ್ಪ್ಯಾನಿಷ್ ಮಾತಿನಲ್ಲಿ 'ಯೋ ಕ್ರೇಒ' ಎಂಬುದು ಎಡೆಬಿಡದೆ ಕೇಳಿಬರುತ್ತದೆ. ಅರ್ಥ ಸ್ಪಷ್ಟವಾಗಿರುವಲ್ಲಿಯೇ ಸರ್ವನಾಮವು ಬಂದು ಕುಳಿತಿದೆ. ಅದಕ್ಕೆ ಪ್ರತಿಯಾಗಿ, ಅಪೂರ್ಣ ಭೂತಕಾಲದ 'ಕಂತಾಬ' ಎಂಬ ರೂಪವು 'ನಾನು ಹಾಡುತ್ತಿದ್ದೆ' ಎಂದೂ 'ಅವಳು ಹಾಡುತ್ತಿದ್ದಳು' ಎಂದೂ ಅರ್ಥ ಕೊಡುತ್ತದೆ. ಹೀಗಿದ್ದೂ ಕಥನದಲ್ಲಿ ಒಮ್ಮೆ ಕರ್ತೃ ನಿಶ್ಚಯವಾದ ಬಳಿಕ ಪುಟವಿಡೀ ಸರ್ವನಾಮವಿಲ್ಲದೆ ಈ ರೂಪವು ಸಾಗುತ್ತದೆ. ಸಂದಿಗ್ಧತೆ ಇಲ್ಲಿ ಒಂದು ಕಾರಣವಾಗಬಹುದೇ ವಿನಾ ಪ್ರಧಾನ ಕಾರಣವಲ್ಲ.

ಇನ್ನು 'ಒತ್ತು' ಎಂಬ ಮಾತು. ವ್ಯಾಕರಣಕಾರನಿಗೆ ವಿವರಣೆ ತೋಚದ ಕಡೆ ಈ ಪದವು ಬಲು ಉಪಕಾರಿ. ಸ್ಪ್ಯಾನಿಷರು ಹೊರಡುವಾಗ "ಮೆ ವೊಯ್" ಎನ್ನುತ್ತಾರೆ, ಹೋಗುತ್ತೇನೆ ಎಂದರ್ಥ. "ಯೋ ಮೆ ವೊಯ್" ಎಂದೂ ಹೇಳಬಹುದು. ಎರಡನೆಯದರಲ್ಲಿ ಒತ್ತು ಇದೆಯೆಂದರೆ ವಿದ್ಯಾರ್ಥಿಗೆ ಏನು ತಿಳಿಯಿತು? ಕನ್ನಡದಲ್ಲಿ ಕೇಳಿದರೆ ಅವನಿಗೆ ತಾನಾಗಿಯೇ ತಿಳಿಯುತ್ತದೆ. ನೆಂಟರ ಮನೆಯಿಂದ ಹೊರಡುವವನು "ಬರುತ್ತೇನೆ" ಎನ್ನುತ್ತಾನೆ. ಅದು ಬರಿಯ ಬೀಳ್ಕೊಳ್ಳುವ ಮಾತು. "ನಾನು ಬರುತ್ತೇನೆ" ಎಂದನೋ, ಕೂಡಲೇ ಅಲ್ಲಿ ಇತರರು ಕಾಣಿಸಿಕೊಳ್ಳುತ್ತಾರೆ: ನೀವು ಬೇಕಾದರೆ ಇರಿ, ನಿಮ್ಮ ಮಾತು ಮುಗಿಯುವಂತಿಲ್ಲ, ನನಗೆ ಹೊತ್ತಾಯಿತು. ಧ್ವನಿಯನ್ನು ಏರಿಸದೆ ಮೆಲ್ಲಗೆ ಹೇಳಿದರೂ ಈ ಅರ್ಥ ಬಂದೇ ಬರುತ್ತದೆ. ಹಾಗಾದರೆ ಅದು ಒತ್ತಲ್ಲ. ಹಲವರ ನಡುವಿನಿಂದ ಒಬ್ಬನನ್ನು ಬೇರ್ಪಡಿಸಿ ಅವನ ವಿಷಯ ಹೇಳುವ ಕ್ರಮ. 'ಯೋ ಮೆ ವೊಯ್' ಎಂಬುದೂ ಇದೇ. 'ಯೋ ಕ್ರೇಒ' ಎಂಬುದರ ರಹಸ್ಯವೂ ಇದೇ ಇರಬಹುದು. ಅಭಿಪ್ರಾಯ ಹೇಳುವವನು ಇತರರ ಅಭಿಪ್ರಾಯ ಬೇರೆಯಿರಬಹುದೆಂಬುದಕ್ಕೆ ಎಡೆಯಿಟ್ಟೇ ಹೇಳುತ್ತಾನೆ.

ಇದಕ್ಕಿಂತ ಭಿನ್ನವಾದುದು ಇನ್ನೊಂದಿದೆ. ಇದನ್ನು ಯಾರು ಮಾಡಿದರೆಂಬ ಪ್ರಶ್ನೆಗೆ ಸ್ಪ್ಯಾನಿಷಿನಲ್ಲಿ "ಲೊ ಈಸೆ ಯೋ" ಎಂದು ಉತ್ತರ. ಇಲ್ಲಿ ಸರ್ವನಾಮವು ಕ್ರಿಯಾಪದದ ಹಿಂದೆ, ವಾಕ್ಯದ ತುದಿಯಲ್ಲಿ ನಿಂತಿದೆ. ಈ ಉತ್ತರದಲ್ಲಿ ಅದನ್ನು ಬಿಡುವಂತೆಯೇ ಇಲ್ಲ. ಬಿಟ್ಟರೆ ಉತ್ತರವೇ ಬಿಟ್ಟುಹೋಯಿತು. "ಯೋ ಲೊ ಈಸೆ" ಎಂದು ಮುಂದಿಟ್ಟರೆ ಅರ್ಥ ಸ್ವಲ್ಪ ಸರಿಯುತ್ತದೆ: ನನ್ನ ಮಟ್ಟಿಗೆ ಹೇಳುವುದಾದರೆ ನಾನು ಮಾಡಿದ್ದೇನೆ, ಇತರರ ಸಂಗತಿ ಬೇರೆ. ಕನ್ನಡವು ಈ ಎರಡಕ್ಕೂ ಎರಡು ಬೇರೆ ಅವ್ಯಯಗಳನ್ನಿಟ್ಟುಕೊಂಡಿದೆ. 'ನಾನಂತೂ ಮಾಡಿದೆ' ಎಂಬುದು ಮುಂದಿಟ್ಟ ಯೋ. 'ಮಾಡಿದವನು ನಾನೇ' ಎಂಬುದು ಹಿಂದಿಟ್ಟ ಯೋ. ನಾವು ಪ್ರತ್ಯಯದಿಂದ ಸಾಧಿಸುವುದನ್ನು ಅವರು ಸ್ಥಾನದಿಂದ ಸಾಧಿಸುತ್ತಾರೆ. ಎರಡನ್ನೂ 'ಒತ್ತು' ಎಂಬ ಒಂದೇ ಚೀಲಕ್ಕೆ ತುಂಬಿದ ಪುಸ್ತಕವನ್ನು ಓದಿದ ವಿದ್ಯಾರ್ಥಿಯು ಪ್ರಶ್ನೆಗೆ ಉತ್ತರವಾಗಿ "ಯೋ ಲೊ ಈಸೆ" ಎಂದು ಬರೆದರೆ ತಪ್ಪು ಅವನದಲ್ಲ, ಪುಸ್ತಕದ್ದು. "ಯೋ ತಂಬ್ಯೇನ್", ಎಂದರೆ ನಾನೂ ಸಹ, ಎಂಬಂಥ ಕ್ರಿಯಾಪದವಿಲ್ಲದ ಮಾತುಗಳಲ್ಲಿ ಸರ್ವನಾಮ ಇರಲೇಬೇಕೆಂಬುದು ಸ್ಪಷ್ಟವೇ ಇದೆ.

ಪ್ರಥಮಪುರುಷದಲ್ಲಿ ವಿಷಯ ಇನ್ನೂ ಸೂಕ್ಷ್ಮವಾಗುತ್ತದೆ. ಮರೀಯ ಎಂಬವಳು ಆನ ಎಂಬವಳನ್ನು ಕಂಡಳೆಂದು ಹೇಳಿ, ಮುಂದಿನ ವಾಕ್ಯದಲ್ಲಿ "ಎಸ್ತಾಬ ತ್ರೀಸ್ತೆ", ದುಃಖದಲ್ಲಿದ್ದಳು, ಎಂದರೆ ಕೇಳುವವನ ಮನಸ್ಸು ಸಾಮಾನ್ಯವಾಗಿ ಹಿಂದಿನ ಕರ್ತೃವಾದ ಮರೀಯಳ ಕಡೆಗೆ ವಾಲುತ್ತದೆ. "ಏಯ ಎಸ್ತಾಬ ತ್ರೀಸ್ತೆ" ಎಂದರೆ ಆನಳ ಕಡೆಗೆ ತಿರುಗುವುದು ಸಾಧ್ಯವಾಗುತ್ತದೆ. ಇಟಾಲಿಯನ್ನಿನಲ್ಲಿ ಈ ಹಂಚಿಕೆ ಬಲವಾಗಿದೆ. ಸ್ಪ್ಯಾನಿಷಿನಲ್ಲಿ ಅಷ್ಟು ಬಿಗಿಯಿಲ್ಲ, ಒಲವು ಮಾತ್ರವಿದೆ. ಬಿಗಿಯಾದ ನಿಯಮವೆಂದು ತೋರುವುದು ಬೇರೊಂದು ಕಡೆ. "ತೋದೊ ಎಸ್ತುದ್ಯಾಂತೆ ಪ್ಯೇನ್ಸ ಕೆ ಎಸ್ ಇಂತೆಲಿಹೇಂತೆ" ಎಂದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಬುದ್ಧಿವಂತನೆಂದು ತಿಳಿಯುತ್ತಾನೆ ಎಂದರ್ಥ. ಇದೇ ವಾಕ್ಯದ ಒಳಗೆ 'ಎಲ್' ಎಂಬ ಸರ್ವನಾಮವನ್ನು ಸೇರಿಸಿದರೆ ಬುದ್ಧಿವಂತನಾದವನು ಬೇರೆ ಯಾರೋ ಆಗುತ್ತಾನೆ. ಮಾರಿಯೊ ಮೊಂತಾಲ್ಬೆತ್ತಿ 1984ರಲ್ಲಿ ಮಂಡಿಸಿದ ಪ್ರಬಂಧದಿಂದ ಈ ಸಂಗತಿ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಯಿತು. ಪ್ರತಿತೂಕದ ಸಂದರ್ಭಗಳಲ್ಲಿ ಇದಕ್ಕೂ ವಿನಾಯಿತಿಯುಂಟೆಂದು ಆ ಮೇಲಿನವರು ಹೇಳಿದ್ದಾರೆ. ಕನ್ನಡ ಬಲ್ಲವನಿಗೆ ಇದು ತಟ್ಟನೆ ಹೊಳೆಯಬೇಕು. ನಾವು 'ತಾನು' ಎಂದು ಹೇಳುವ ಕಡೆ ಸ್ಪ್ಯಾನಿಷರು ಮೌನವಾಗಿರುತ್ತಾರೆ. ನಾವು 'ಅವನು' ಎನ್ನುವ ಕಡೆ ಅವರು 'ಎಲ್' ಎನ್ನುತ್ತಾರೆ. ಅವರ ಮೌನವು ನಮ್ಮ ಆತ್ಮಾರ್ಥಕ ಸರ್ವನಾಮದ ಕೆಲಸವನ್ನು ಮಾಡುತ್ತದೆ. ಆ ಮೌನವನ್ನು 'ಸರ್ವನಾಮ ಬಿದ್ದುಹೋಗಿದೆ' ಎನ್ನುವುದು ಎಷ್ಟರಮಟ್ಟಿಗೆ ಸರಿ? ಇದ್ದದ್ದು ಬೀಳಬೇಕು. ಇಲ್ಲಿ ಮೌನವೇ ಸಹಜಸ್ಥಿತಿ. ಸರ್ವನಾಮವು ಏನಾದರೂ ಕೆಲಸವಿದ್ದಾಗ ಬರುವ ಅತಿಥಿ.

ಹೀಗೆಂದಮಾತ್ರಕ್ಕೆ ಕನ್ನಡವನ್ನು ಕಣ್ಣುಮುಚ್ಚಿ ನಂಬಿ ನಡೆಯಬಹುದೆಂದಲ್ಲ. ನಮ್ಮ ಕಿವಿ ನಮಗೆ ಮೋಸಮಾಡುವ ಕಡೆಗಳೂ ಇವೆ. ಗೌರವವಾಚಕವಾದ 'ಉಸ್ತೇದ್' ಇವುಗಳಲ್ಲಿ ಮುಖ್ಯ. 'ನಿಮ್ಮ ಕೃಪೆ' ಎಂಬರ್ಥದ 'ಬ್ವೇಸ್ತ್ರ ಮೆರ್ಸೇದ್' ಎಂಬುದು ಸವೆದು ಈ ಪದವಾಗಿದೆ. ಆದಕಾರಣ ಅದರೊಡನೆ ಪ್ರಥಮಪುರುಷದ ಕ್ರಿಯಾಪದವೇ ಬರುತ್ತದೆ, "ಸ್ವಾಮಿಗಳು ಯಾವಾಗ ಬಂದರು?" ಎಂದು ಎದುರಿಗಿದ್ದವರನ್ನೇ ನಾವು ಕೇಳುವಂತೆ. ಆದರೆ ನಮ್ಮ 'ನೀವು' ಎಂಬುದಕ್ಕೆ ಸ್ವಂತ ಪ್ರತ್ಯಯವಿದೆ. 'ಬಂದಿರಿ', 'ಹೇಗಿದ್ದೀರಿ' ಎಂದರೆ ಮರ್ಯಾದೆ ಪ್ರತ್ಯಯದಲ್ಲಿಯೇ ಸಂದಿತು. ಸ್ಪ್ಯಾನಿಷಿನ "ಸಾಬೆ ಮೂಚೊ" ಎಂಬುದಕ್ಕೆ 'ತಾವು ಬಹಳ ಬಲ್ಲಿರಿ', 'ಅವನು ಬಹಳ ಬಲ್ಲ', 'ಅವಳು ಬಹಳ ಬಲ್ಲಳು' ಎಂಬ ಮೂರೂ ಅರ್ಥಗಳುಂಟು. ಅಲ್ಲಿ 'ಉಸ್ತೇದ್' ಎಂಬುದು ಅರ್ಥವನ್ನೂ ಮರ್ಯಾದೆಯನ್ನೂ ಒಟ್ಟಿಗೆ ಕಾಯುತ್ತದೆ. ಕನ್ನಡಿಗನು ಅದನ್ನು ಬಿಡುವುದರಲ್ಲಿ ಅತಿ ಉದಾರಿ. ಇತ್ತ ಪ್ರತಿ ಕ್ರಿಯಾಪದಕ್ಕೂ ಅದನ್ನು ಅಂಟಿಸುವುದೂ ಒಳ್ಳೆಯದಲ್ಲ. ಒಮ್ಮೆ ಹೇಳಿ, ಬಳಿಕ ಕೆಲವು ವಾಕ್ಯಗಳವರೆಗೆ ಸುಮ್ಮನಿರುವುದು ಅಲ್ಲಿನ ಸಭ್ಯರ ಕ್ರಮ.

ಅಚೇತನ ವಸ್ತುಗಳ ವಿಷಯದಲ್ಲಿ ತಪ್ಪು ಇದಕ್ಕೆ ವಿಪರೀತ. "ಮೇಜನ್ನು ಕೊಂಡೆ, ಅದು ದೊಡ್ಡದು" ಎನ್ನುವಾಗ ನಮ್ಮ ಎರಡನೆಯ ವಾಕ್ಯಕ್ಕೆ ಕ್ರಿಯಾಪದವಿಲ್ಲದ ಕಾರಣ 'ಅದು' ಎಂಬ ಆಧಾರ ಬೇಕೆನಿಸುತ್ತದೆ. ಸ್ಪ್ಯಾನಿಷಿನಲ್ಲಿ "ಕೊಂಪ್ರೇ ಊನ ಮೇಸ. ಎಸ್ ಗ್ರಾಂದೆ" ಎಂದಷ್ಟೇ. ಮೇಜು ಸ್ತ್ರೀಲಿಂಗವೆಂದು 'ಏಯ' ಎಂಬುದನ್ನು ಅಲ್ಲಿ ಸೇರಿಸಿದರೆ ಮೇಜಿಗೆ ಜೀವ ಬಂದಂತೆ ಕೇಳಿಸುತ್ತದೆ. 'ಮಳೆ ಬರುತ್ತಿದೆ' ಎಂಬುದಕ್ಕೆ 'ಯ್ವೇವೆ' ಎಂಬ ಒಂದೇ ಕ್ರಿಯಾಪದ ಸಾಕು. ಇಂಗ್ಲಿಷಿನಂತೆ ಅಲ್ಲಿ ಹುಸಿ ಕರ್ತೃವಿಲ್ಲ. ಡೊಮಿನಿಕನ್ ಆಡುಮಾತಿನಲ್ಲಿ ಮಾತ್ರ 'ಏಯೊ' ಎಂಬ ನಪುಂಸಕ ಸರ್ವನಾಮವು ಇಂಥ ಕಡೆ ಬರುವುದನ್ನು ಪೇದ್ರೊ ಎನ್ರೀಕೆಸ್ ಉರೇನ್ಯ ಎಂಬ ವಿದ್ವಾಂಸರು ಹಿಂದೆಯೇ ಗುರುತಿಸಿದ್ದರು.

ಈ ವಿವೇಚನೆಯ ಪ್ರಯೋಜನವು ತರಗತಿಯ ವ್ಯಾಕರಣಕ್ಕಿಂತ ಹೆಚ್ಚಾಗಿ ಸಾಹಿತ್ಯದ ಓದಿಗೆ, ವಿಶೇಷವಾಗಿ ಅನುವಾದಕ್ಕೆ ಸಂಬಂಧಿಸಿದ್ದು. ಸ್ಪ್ಯಾನಿಷ್ ಕೃತಿಗಳು ಕನ್ನಡಕ್ಕೆ ಬರುವುದು ಬಹುಮಟ್ಟಿಗೆ ಇಂಗ್ಲಿಷಿನ ಬಾಗಿಲಿನಿಂದ. ಆ ಬಾಗಿಲನ್ನು ದಾಟುವಾಗ ಪ್ರತಿ ಕ್ರಿಯಾಪದವೂ ಒಂದೊಂದು ಸರ್ವನಾಮವನ್ನು ಸುಂಕವಾಗಿ ಹೊತ್ತುಕೊಳ್ಳಬೇಕಾಗುತ್ತದೆ. ಕನ್ನಡದ ಅನುವಾದಕನು ಅವನ್ನೆಲ್ಲ ಹಾಗೆಯೇ ಇಳಿಸಿಕೊಂಡು 'ಅವನು ಎದ್ದನು, ಅವನು ಬಾಗಿಲು ತೆರೆದನು, ಅವನು ಬೀದಿಯನ್ನು ನೋಡಿದನು' ಎಂದು ಬರೆಯುತ್ತಾನೆ. ಮೂಲದಲ್ಲಿಯೂ ಇಲ್ಲದ, ಕನ್ನಡಕ್ಕೂ ಬೇಡದ 'ಅವನು' ಇದು. ಇದರಿಂದಾಗುವ ಹಾನಿಯು ಬರಿಯ ಕಿವಿಗೆ ಸಂಬಂಧಿಸಿದುದಲ್ಲ. ಎಲ್ಲ ಕಡೆಯೂ ಸರ್ವನಾಮವಿದ್ದರೆ, ಮೂಲದಲ್ಲಿ ಬೇಕೆಂದು ಇಟ್ಟ ಸರ್ವನಾಮವು ಯಾವುದೆಂಬುದೇ ಗುಂಪಿನಲ್ಲಿ ಕಳೆದುಹೋಗುತ್ತದೆ.

ಮೂಲದಿಂದ ನೇರವಾಗಿ ಅನುವಾದಿಸುವವನಿಗೂ ಒಂದು ತೊಡಕು ಉಳಿದೇ ಇರುತ್ತದೆ. "ಯೆಗೋ ತಾರ್ದೆ. ನೋ ದೀಹೊ ನಾದ." ತಡವಾಗಿ ಬಂದು ಏನೂ ಹೇಳದವರ ಸಂಗತಿ ಇದು. ಬಂದದ್ದು ಗಂಡಸೋ ಹೆಂಗಸೋ ಸ್ಪ್ಯಾನಿಷ್ ಹೇಳುವುದಿಲ್ಲ. ಲೇಖಕನು ಬಯಸಿದರೆ ಈ ಗುಟ್ಟನ್ನು ಬಹುದೂರ ಕೊಂಡೊಯ್ಯಬಲ್ಲ. ಇಂಗ್ಲಿಷ್ ಸರ್ವನಾಮದ ಮೂಲಕ ಗುಟ್ಟನ್ನು ಬಯಲುಮಾಡುತ್ತದೆ. ಕನ್ನಡವು ಸರ್ವನಾಮವನ್ನು ಬಿಟ್ಟರೂ 'ಬಂದನು', 'ಬಂದಳು' ಎಂಬ ಪ್ರತ್ಯಯದ ಮೂಲಕ ಬಯಲುಮಾಡುತ್ತದೆ. ನಮ್ಮ ಪ್ರತ್ಯಯದ ಸಂಪತ್ತೇ ಇಲ್ಲಿ ನಮಗೆ ತೊಡಕು. 'ಬಂದದ್ದು ತಡವಾಗಿ, ಏನೂ ಹೇಳಲಿಲ್ಲ' ಎಂದು ಕೃದಂತವನ್ನೂ ನಿಷೇಧರೂಪವನ್ನೂ ಆಶ್ರಯಿಸಿ ಪಾರಾಗಬಹುದು, ಎರಡು ವಾಕ್ಯಗಳವರೆಗೆ ಸರಿ, ಇಡೀ ಅಧ್ಯಾಯಕ್ಕೆ ಸಾಲದು. ಉತ್ತಮಪುರುಷದಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. 'ದಣಿದಿದ್ದೇನೆ' ಎನ್ನುವ ಕನ್ನಡದಲ್ಲಿ ಲಿಂಗವಿಲ್ಲ. ಸ್ಪ್ಯಾನಿಷಿನ ವಿಶೇಷಣವು 'ಕನ್ಸಾದೊ', 'ಕನ್ಸಾದ' ಎಂದು ಬೇರೆಯಾಗಿ ಹೇಳಿಬಿಡುತ್ತದೆ.

ಮೆಕ್ಸಿಕೊದ ಹ್ವಾನ್ ರೂಲ್ಫೊನ 'ಪೇದ್ರೊ ಪಾರಮೊ' ಕಾದಂಬರಿ 1955ರಲ್ಲಿ ಪ್ರಕಟವಾಯಿತು. ಅದರ ಮೊತ್ತಮೊದಲ ಪದವು 'ಬಂದೆ' ಎಂಬರ್ಥದ ಕ್ರಿಯಾಪದ. ಅದರ ಮುಂದೆ 'ಯೋ' ಇಲ್ಲ. ಹೇಳುತ್ತಿರುವವನು ಯಾರೆಂಬುದು ಬಹಳ ಪುಟಗಳಾದ ಮೇಲೆ ತಿಳಿಯತಕ್ಕ ಸಂಗತಿ. ಇಂಗ್ಲಿಷಿನಲ್ಲಿ ಕಥೆಯು 'ನಾನು' ಎಂಬ ಪದದಿಂದಲೇ ತೆರೆಯಬೇಕಾಗುತ್ತದೆ; ಕನ್ನಡದಲ್ಲಿ ಅದು ಬೇಕಿಲ್ಲ. ಆದರೆ ನಮ್ಮ ಕ್ರಿಯಾಪದವು ವಾಕ್ಯದ ಕೊನೆಗೆ ಸರಿಯುವುದರಿಂದ, ಸ್ಪ್ಯಾನಿಷ್ ಓದುಗನಿಗೆ ಮೊದಲ ಉಸಿರಿನಲ್ಲಿ ತಿಳಿಯುವ ಪುರುಷವು ನಮ್ಮವನಿಗೆ ಕೊನೆಯ ಉಸಿರಿನಲ್ಲಿ ತಿಳಿಯುತ್ತದೆ. ದೀರ್ಘವಾಕ್ಯಗಳಲ್ಲಿ ನಾವು 'ನಾನು' ಎಂಬುದನ್ನು ಮೊದಲೇ ಇಟ್ಟುಬಿಡುವ ಒಲವಿಗೆ ಇದೂ ಒಂದು ಕಾರಣವಿರಬೇಕು.

ಅರ್ಜೆಂಟೀನದ ಹೋರ್ಹೆ ಲೂಯೀಸ್ ಬೋರ್ಹೆಸನು 1957ರಲ್ಲಿ ಪ್ರಕಟಿಸಿ, 1960ರಲ್ಲಿ ತನ್ನ ಸಂಕಲನವೊಂದರಲ್ಲಿ ಸೇರಿಸಿದ 'ಬೋರ್ಹೆಸ್ ಮತ್ತು ನಾನು' ಎಂಬ ಒಂದು ಪುಟದ ಗದ್ಯವು ಈ ಸಂದರ್ಭದಲ್ಲಿ ಅತ್ಯಂತ ಬೋಧಪ್ರದ. ಹೆಸರಾಂತ ಲೇಖಕನಾದ ಬೋರ್ಹೆಸ್ ಒಬ್ಬ, ಬೀದಿಯಲ್ಲಿ ನಡೆಯುವ, ಬದುಕುವ 'ನಾನು' ಇನ್ನೊಬ್ಬ ಎಂದು ಅಲ್ಲಿ ಬೇರ್ಪಡಿಸಲಾಗಿದೆ. 'ನಾನು' ಎಂಬವನನ್ನು ಆ ಇನ್ನೊಬ್ಬನೆದುರು ನಿಲ್ಲಿಸಬೇಕಾದ ಕಡೆಗಳಲ್ಲಿ ಬೋರ್ಹೆಸ್ 'ಯೋ' ಎಂಬುದನ್ನು ಸ್ಪಷ್ಟವಾಗಿ ಹೇಳುತ್ತಾನೆ. ಅವು ಒತ್ತಿನ 'ಯೋ'ಗಳಲ್ಲ. ಎರಡು ಹೊಲಗಳ ನಡುವೆ ನೆಟ್ಟ ಗಡಿಕಲ್ಲುಗಳು. ಕೊನೆಯ ವಾಕ್ಯದಲ್ಲಿ, ಈ ಪುಟವನ್ನು ಬರೆಯುತ್ತಿರುವವನು ಇಬ್ಬರಲ್ಲಿ ಯಾರೆಂಬುದೇ ತನಗೆ ತಿಳಿಯದೆಂದು ಹೇಳುವಾಗ ಕ್ರಿಯಾಪದವು ಉತ್ತಮಪುರುಷದಲ್ಲಿದೆ, 'ಯೋ' ಇಲ್ಲ. ಗಡಿಯೇ ಅಳಿಸಿಹೋದ ಮೇಲೆ ಗಡಿಕಲ್ಲಿಗೆ ಎಲ್ಲಿ ಎಡೆ? ಇಂಗ್ಲಿಷಿನ ಅನುವಾದಕನು ಬಯಸಿದರೂ ಇದನ್ನು ತರಲಾರ. ಅವನ ವಾಕ್ಯದ ತಲೆಯ ಮೇಲೆ 'ನಾನು' ಎಂಬ ಪದವು ಕಡ್ಡಾಯವಾಗಿ ಕುಳಿತಿರುತ್ತದೆ. ಕನ್ನಡದಲ್ಲಿ 'ನನಗೆ ಗೊತ್ತಿಲ್ಲ' ಎಂದರೆ ಅದೇ ದೋಷ; 'ಗೊತ್ತಿಲ್ಲ' ಎಂದಷ್ಟೇ ಬರೆದರೆ ಪುರುಷವೇ ಉಳಿಯದು. ಇವೆರಡರ ನಡುವೆ ನಮ್ಮ ಹಳೆಯ ನಿಷೇಧರೂಪವೊಂದಿದೆ. ಆಡುಮಾತಿನಲ್ಲಿ ಅದು ಇಂದು ವಿರಳವಾದರೂ ಗ್ರಂಥಭಾಷೆಯಲ್ಲಿ ಜೀವಂತವಾಗಿದೆ. ಅದರಲ್ಲಿ ಉತ್ತಮಪುರುಷವು ಪ್ರತ್ಯಯದಲ್ಲಿ ಅಡಗಿದೆ, ಸರ್ವನಾಮವು ಹೊರಗುಳಿದಿದೆ. 'ಅರಿಯೆ' ಎಂಬ ಆ ಒಂದು ಪದವು ಬೋರ್ಹೆಸನ ವಾಕ್ಯದ ಆರಂಭಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ.